ಮನೆಯಾಕೆಗೆ ಹೃದಯದ ಕಾಯಿಲೆ ಅಂದಾಗ: ಒಬ್ಬ ಲೆಕ್ಕ ಬರೆಯುವವನ ಮಾರ್ಗದರ್ಶಿ

ಹೃದಯದ ಸ್ಕ್ಯಾನಿನ, ಅಂದರೆ ಎಕೋದ ರಿಪೋರ್ಟ್ ಕೈಗೆ ಬಂದ ದಿನ ಬೈಕಿನಲ್ಲಿ ಮನೆಗೆ ಬರುತ್ತಿದ್ದೆವು. ಸೂಪರ್ ಮಾರ್ಕೆಟ್ ಅನ್ನುವ ನಮ್ಮೂರ ಬಜಾರದ ಹತ್ತಿರ ಬಂದಾಗ ಹೆಂಡತಿ ಹಿಂದಿನಿಂದ ಭುಜ ತಟ್ಟಿದಳು. "ರೀ, ಸ್ವಲ್ಪ ನಿಲ್ಲಸ್ರಿ. ಪುಂಡಿಪಲ್ಯಾ ತಗೋಬೇಕು."

ಡಾಕ್ಟರ ಮಾತು ನನ್ನ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಹೃದಯ ಹಿಗ್ಗಿದೆ, ಪಂಪ್ ಮಾಡುವ ಶಕ್ತಿ ಕಮ್ಮಿಯಾಗಿದೆ, ಇಎಫ್ 28. ಅವಳು ಸೊಪ್ಪಿನವಳ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುತ್ತಿದ್ದಳು. ನಾನು ಬೈಕ್ ಹಿಡಿದುಕೊಂಡು ಬೇರೆ ಕಡೆ ಮುಖ ಮಾಡಿ ನಿಂತಿದ್ದೆ.

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಡಾಕ್ಟರಲ್ಲ, ಕಾಂಪೌಂಡರೂ ಅಲ್ಲ. ಮೊದಲ ಮೂರು ತಿಂಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಬಹಳಷ್ಟು ತಪ್ಪು ಮಾಡಿಯೇ ಕಲಿತದ್ದು. ಯಾವ ಮಾತ್ರೆ, ಎಷ್ಟು ಡೋಸು, ಎಷ್ಟು ನೀರು ಅನ್ನುವುದಕ್ಕೆಲ್ಲ ನಿಮ್ಮ ಡಾಕ್ಟರು ಹೇಳಿದ್ದೇ ಕೊನೆಯ ಮಾತು. ಗಂಡ ಅಥವಾ ಹೆಂಡತಿ ಮಾಡಬೇಕಾದ ಕೆಲಸ ಬೇರೆಯೇ ಇದೆ. ಅದನ್ನು ಯಾರೂ ಚೀಟಿಯಲ್ಲಿ ಬರೆದು ಕೊಡುವುದಿಲ್ಲ.

ಮೊದಲು ಕಾಯಿಲೆಯ ಹೆಸರು ಬರೆಸಿಕೊಳ್ಳಿ

"ಹಾರ್ಟ್ ಪ್ರಾಬ್ಲಮ್ ಅದಾ" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ರಕ್ತನಾಳದಲ್ಲಿ ಬ್ಲಾಕ್ ಇರುವುದು ಒಂದು ಕಾಯಿಲೆ. ಹೃದಯದ ಮಾಂಸಖಂಡ ಸೋತು ಹಿಗ್ಗುವುದು ಇನ್ನೊಂದು. ವಾಲ್ವ್ ಕೆಡುವುದು, ಬಡಿತದ ಲಯ ತಪ್ಪುವುದು ಮತ್ತೆ ಬೇರೆ. ಸ್ಟೆಂಟ್ ಹಾಕಿಸಿಕೊಂಡ ಪಕ್ಕದ ಮನೆ ಕಾಕಾನ ಪಥ್ಯ ನಿಮ್ಮ ಮನೆಯವರಿಗೆ ಹೊಂದುತ್ತದೆ ಅಂತಿಲ್ಲ. ನಮ್ಮದು ಎರಡನೆಯ ಜಾತಿ. ಡಾಕ್ಟರ ಭಾಷೆಯಲ್ಲಿ ಡೈಲೇಟೆಡ್ ಕಾರ್ಡಿಯೋಮಯೋಪತಿ, ಅದರಿಂದ ಬಂದ ಹಾರ್ಟ್ ಫೇಲ್ಯೂರ್.

ಆ 'ಫೇಲ್ಯೂರ್' ಅನ್ನುವ ಶಬ್ದವೇ ಅರ್ಧ ಜೀವ ತೆಗೆಯುತ್ತದೆ. ಹೃದಯ ನಿಂತುಹೋಗುತ್ತದೆ ಅಂತ ಅದರ ಅರ್ಥವಲ್ಲ. ದೇಹಕ್ಕೆ ಬೇಕಾದಷ್ಟು ರಕ್ತ ತಳ್ಳಲು ಅದಕ್ಕೆ ಆಗುತ್ತಿಲ್ಲ, ಅಷ್ಟೆ. ಹಾಗಾಗಿ ನೀರು ಹಿಂದೆ ನಿಂತು ಕಾಲಿಗೆ, ಹೊಟ್ಟೆಗೆ, ಪುಪ್ಪುಸಕ್ಕೆ ಇಳಿಯುತ್ತದೆ. ಇಎಫ್ ಬಗ್ಗೆಯೂ ಒಂದು ಮಾತು. ನಾನು 28 ಅಂದರೆ ಹೃದಯ 28 ಪರ್ಸೆಂಟ್ ಮಾತ್ರ ಉಳಿದಿದೆ ಅಂದುಕೊಂಡಿದ್ದೆ. ಲೆಕ್ಕ ಬರೆಯುವವನ ತಲೆ ನೋಡಿ, ಉಳಿದ 72 ಎಲ್ಲಿ ಹೋಯಿತು ಅಂತ ಎರಡು ರಾತ್ರಿ ನಿದ್ದೆ ಬರಲಿಲ್ಲ. ಗಟ್ಟಿಮುಟ್ಟಾದ ಹೃದಯವೂ ತುಂಬಿಕೊಂಡ ರಕ್ತವನ್ನೆಲ್ಲ ಹೊರಗೆ ಹಾಕುವುದಿಲ್ಲ. ಒಂದು ಬಡಿತಕ್ಕೆ ಸುಮಾರು 55ರಿಂದ 70 ಪರ್ಸೆಂಟ್ ಹಾಕುತ್ತದೆ, ಆ ಪಾಲಿಗೇ ಇಎಫ್ ಅನ್ನುತ್ತಾರೆ. ಅಂದರೆ 28ನ್ನು ಹೋಲಿಸಬೇಕಾದದ್ದು 60ರ ಜೊತೆ, ನೂರರ ಜೊತೆ ಅಲ್ಲ. ಕಡಿಮೆಯೇ ಹೌದು. ಆದರೆ ಸರಿಯಾದ ಮಾತ್ರೆ ಬಿದ್ದರೆ ಅದು ಏರಲೂಬಹುದು.

ಡಾಕ್ಟರ ಕೋಣೆಗೆ ಇಬ್ಬರೂ ಹೋಗಿ. ಕಾಯಿಲೆ ಇದ್ದವರು ಮಾತಾಡಲಿ, ನೀವು ಬರೆದುಕೊಳ್ಳಿ. ಅಲ್ಲಿ ಕೂತಾಗ ತಲೆ ಖಾಲಿಯಾಗುತ್ತದೆ, ಆದ್ದರಿಂದ ಪ್ರಶ್ನೆಗಳನ್ನು ಮನೆಯಲ್ಲೇ ಬರೆದು ಒಯ್ಯಿರಿ. ನಾನು ಒಯ್ದದ್ದು ಇವು: ಕಾಯಿಲೆಯ ಪೂರ್ತಿ ಹೆಸರೇನು? ಯಾಕೆ ಬಂತು? ಈ ಒಂದೊಂದು ಮಾತ್ರೆ ಯಾತಕ್ಕೆ? ದಿನಕ್ಕೆ ಉಪ್ಪು, ನೀರು ಎಷ್ಟು? ಏನಾದರೆ ಫೋನ್ ಮಾಡಬೇಕು, ಏನಾದರೆ ನೇರ ಎಮರ್ಜೆನ್ಸಿಗೆ ಬರಬೇಕು? ಯಾವ ಕೆಲಸ ಮಾಡಬಹುದು? ಮುಂದಿನ ಎಕೋ ಯಾವಾಗ? "ಯಾಕೆ ಬಂತು" ಅನ್ನುವುದಕ್ಕೆ ಉತ್ತರ ಎಲ್ಲರಿಗೂ ಸಿಗುವುದಿಲ್ಲ. ನಮಗೂ ಸಿಗಲಿಲ್ಲ. ಅದನ್ನು ಹುಡುಕುತ್ತ ಕೂತರೆ ಕೊನೆಗೆ ಯಾರೋ ಒಬ್ಬರ ಮೇಲೆ ತಪ್ಪು ಹೊರಿಸುವುದಾಗುತ್ತದೆ.

ಕಾಯಿಲೆಯ ಸುದ್ದಿ ಹಬ್ಬಿದ ಕೂಡಲೇ ಬೀಗರು ಒಬ್ಬೊಬ್ಬರು ಒಂದೊಂದು ಊರು ಹೇಳುತ್ತಾರೆ. ಒಬ್ಬರಿಗೆ ಸೊಲ್ಲಾಪುರ, ಒಬ್ಬರಿಗೆ ಹೈದರಾಬಾದ್, ಇನ್ನೊಬ್ಬರಿಗೆ ಬೆಂಗಳೂರಿಗಿಂತ ಕಡಿಮೆ ಯಾವುದೂ ಆಗದು. ಎರಡನೇ ಅಭಿಪ್ರಾಯ ತಗೊಳ್ಳುವುದು ತಪ್ಪಲ್ಲ. ಎಕೋ ರಿಪೋರ್ಟು, ಇಸಿಜಿ, ಆಂಜಿಯೋಗ್ರಾಂ ಆಗಿದ್ದರೆ ಅದರ ಸಿಡಿ ಹಿಡಿದು ಒಂದು ಕಡೆ ತೋರಿಸಿ. ಆಮೇಲೆ ಒಬ್ಬ ಡಾಕ್ಟರನ್ನು ಆರಿಸಿಕೊಂಡು ಅವರಲ್ಲೇ ನಿಲ್ಲಿ. ಈ ಕಾಯಿಲೆಯಲ್ಲಿ ಮಾತ್ರೆಯ ಡೋಸನ್ನು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗುತ್ತಾರೆ. ಊರು ಬದಲಿಸಿದಾಗಲೆಲ್ಲ ಆ ಲೆಕ್ಕ ಮತ್ತೆ ಮೊದಲಿನಿಂದ. ನಮ್ಮ ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಯ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಶುರುವಾಗಿದೆ. ಬೀದರ್, ಯಾದಗಿರಿಯವರೂ ಪ್ರತಿಯೊಂದಕ್ಕೂ ಬೆಂಗಳೂರಿನ ರಾತ್ರಿ ಗಾಡಿ ಹತ್ತಬೇಕಾಗಿಲ್ಲ.

ಕಾಗದ ಪತ್ರ

ಒಂದು ಫೈಲ್ ಮಾಡಿ. ಹಳೆಯದು ಕೆಳಗೆ, ಹೊಸದು ಮೇಲೆ. ಪ್ರತಿಯೊಂದರ ಫೋಟೋ ಮೊಬೈಲಿನಲ್ಲೂ ಇರಲಿ, ಮಕ್ಕಳ ಮೊಬೈಲಿನಲ್ಲೂ ಇರಲಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಇದ್ದರೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಗೊತ್ತುಮಾಡಿದ ದರದ, 30 ಪರ್ಸೆಂಟ್ ಸರಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರ ಅಂತ ಇರುತ್ತಾರೆ, ಅಡ್ಮಿಟ್ ಆಗುವ ಮೊದಲೇ ಅವರನ್ನು ಕಾಣಿರಿ. ರೇಷನ್ ಕಾರ್ಡಿನಲ್ಲಿ, ಆಧಾರಿನಲ್ಲಿ ಹೆಸರು ಒಂದೇ ಥರ ಇದೆಯಾ ಅಂತ ಇವತ್ತೇ ನೋಡಿ. ನನ್ನ ಹೆಂಡತಿಯ ಹೆಸರಿನ ಕೊನೆಗೆ ಒಂದರಲ್ಲಿ 'ಬಾಯಿ' ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಆ ಒಂದು 'ಬಾಯಿ'ಗಾಗಿ ನಾನು ಮಿಲ್ಲಿಗೆ ನಾಲ್ಕು ದಿನ ರಜೆ ಹಾಕಿದೆ.

ಈ ಯೋಜನೆ ಮುಖ್ಯವಾಗಿ ಅಡ್ಮಿಟ್ ಆದಾಗಿನ ಖರ್ಚಿಗೆ. ತಿಂಗಳು ತಿಂಗಳು ನುಂಗುವ ಮಾತ್ರೆ ಕೈಯಿಂದಲೇ. ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಬಹಳ ಕಡಿಮೆಗೆ ಸಿಗುತ್ತದೆ. ಚೀಟಿಯಲ್ಲಿ ಬ್ರಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆದುಕೊಡಿ ಅಂತ ಡಾಕ್ಟರಿಗೆ ಕೇಳಿ, ಬರೆದುಕೊಡುತ್ತಾರೆ.

ಕೀರ್ದಿ ಪುಸ್ತಕ

ಇದೇ ನನ್ನ ಮುಖ್ಯ ಮಾತು. ಗಂಡನೋ ಹೆಂಡತಿಯೋ ಮನೆಯಲ್ಲಿ ಮಾಡಬಹುದಾದ ದೊಡ್ಡ ಕೆಲಸ ದಿನದ ಲೆಕ್ಕ ಬರೆಯುವುದು. ನಮ್ಮ ಮಿಲ್ಲಿನಲ್ಲಿ ಎಷ್ಟು ತೊಗರಿ ಬಂತು, ಎಷ್ಟು ಬೇಳೆ ಹೋಯಿತು ಅಂತ ಸಂಜೆ ಕೀರ್ದಿ ಬರೆಯದಿದ್ದರೆ ಕಳ್ಳತನ ಆದದ್ದು ಆರು ತಿಂಗಳಾದ ಮೇಲೆ ಗೊತ್ತಾಗುತ್ತದೆ. ದೇಹದಲ್ಲಿ ನೀರು ಸೇರುವುದೂ ಹಾಗೆಯೇ, ಸದ್ದಿಲ್ಲದೆ. ಕಾಲು ಬಾವು ಬಂದು ಕಣ್ಣಿಗೆ ಕಾಣುವ ಹೊತ್ತಿಗೆ ಕಿಲೋಗಟ್ಟಲೆ ಸೇರಿರುತ್ತದೆ. ತೂಕದ ಮಷೀನು ಅದನ್ನು ಮೊದಲೇ ಹೇಳುತ್ತದೆ.

ಒಂದು ಡಿಜಿಟಲ್ ತೂಕದ ಮಷೀನು, ಒಂದು ಬಿಪಿ ಮಷೀನು, ಇನ್ನೂರು ಪುಟದ ಒಂದು ನೋಟ್‌ಬುಕ್ಕು ತನ್ನಿ. ಬೆಳಿಗ್ಗೆ ಎದ್ದು ಸಂಡಾಸಿಗೆ ಹೋಗಿ ಬಂದ ಮೇಲೆ, ಚಹಾ ಕುಡಿಯುವ ಮೊದಲು, ದಿನಾ ಒಂದೇ ಥರದ ಹಗುರ ಬಟ್ಟೆಯಲ್ಲಿ ತೂಕ ನೋಡಿ. ಮಷೀನು ಗಟ್ಟಿ ನೆಲದ ಮೇಲೆ ಇರಬೇಕು. ನಾನು ಹಾಸಿಗೆಯ ಪಕ್ಕ ಚಾಪೆಯ ಮೇಲೆ ಇಟ್ಟು ಒಂದು ವಾರ ಸುಳ್ಳು ಲೆಕ್ಕ ಬರೆದಿದ್ದೆ. ನನ್ನ ಪುಸ್ತಕದಲ್ಲಿ ಐದು ಮನೆ ಹಾಕಿದ್ದೇನೆ: ತೂಕ, ಬಿಪಿ ಮತ್ತು ನಾಡಿ, ಕಾಲಿನ ಬಾವು, ರಾತ್ರಿ ಎಷ್ಟು ದಿಂಬು, ಬೇರೆ ಏನಾದರೂ.

ದಿಂಬು ಯಾಕೆ ಅಂತ ಕೇಳಬಹುದು. ಪುಪ್ಪುಸದಲ್ಲಿ ನೀರು ಸೇರಿದರೆ ಅಂಗಾತ ಮಲಗಲು ಆಗುವುದಿಲ್ಲ. ಕಾಯಿಲೆ ಗೊತ್ತಾಗುವ ಎರಡು ತಿಂಗಳ ಮೊದಲೇ ನನ್ನ ಹೆಂಡತಿ ಒಂದು ದಿಂಬಿನಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗಿದ್ದಳು. ನಡುರಾತ್ರಿ ಎದ್ದು ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂಡುತ್ತಿದ್ದಳು. "ಗ್ಯಾಸ್ ಆಗ್ಯಾದ, ನೀವು ಮಲ್ಕೋರಿ" ಅನ್ನುತ್ತಿದ್ದಳು. ನಾನು ಮಲಗಿಬಿಡುತ್ತಿದ್ದೆ. ಮೂರು ದಿಂಬು ಕಣ್ಣ ಮುಂದೆಯೇ ಇದ್ದವು, ಎಣಿಸಿದವರು ಯಾರೂ ಇರಲಿಲ್ಲ.

ಯಾವಾಗ ಫೋನ್ ಮಾಡಬೇಕು? ಸಾಮಾನ್ಯವಾಗಿ ಹೇಳುವುದು ಹೀಗೆ: ಒಂದೇ ದಿನದಲ್ಲಿ ಒಂದು ಕಿಲೋಗಿಂತ ಜಾಸ್ತಿ, ಅಥವಾ ಒಂದು ವಾರದಲ್ಲಿ ಎರಡು ಕಿಲೋಗಿಂತ ಜಾಸ್ತಿ ತೂಕ ಏರಿದರೆ. ನಿಮ್ಮ ಡಾಕ್ಟರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಪೆನ್ನಿನಿಂದ ಬರೆಯಿರಿ.

ಎಳ್ಳಮಾವಾಸ್ಯೆಗೆ ನಾವು ಹೊಲಕ್ಕೆ ಹೋಗಿದ್ದೆವು. ಚರಗ ಚೆಲ್ಲಿ ಎಲ್ಲರೂ ಉಣ್ಣಲು ಕೂತಾಗ ನಾನು ಪೊಲೀಸನ ಹಾಗೆ ಅವಳ ತಟ್ಟೆ ನೋಡುತ್ತ ಕೂಡುವುದು ಬೇಡ ಅಂತ ದೂರ ಹೋದೆ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಮೇಲೆ ಎರಡು ಥರದ ಉಪ್ಪಿನಕಾಯಿ. ಮರುದಿನ ತೂಕ 900 ಗ್ರಾಂ ಏರಿತ್ತು. ಅದರ ಮರುದಿನ ಮತ್ತೆ 800. ಅವಳಿಗೆ ಏನೂ ಅನಿಸುತ್ತಿರಲಿಲ್ಲ, ಬಾವೂ ಇರಲಿಲ್ಲ. ಫೋನ್ ಮಾಡಿದೆ. ನೀರಿಳಿಸುವ ಮಾತ್ರೆಯನ್ನು ಮೂರು ದಿನ ಎಷ್ಟು ಕೊಡಬೇಕು ಅಂತ ಡಾಕ್ಟರು ಹೇಳಿದರು, ನಾಲ್ಕನೇ ದಿನ ತೂಕ ಹಳೆಯ ಜಾಗಕ್ಕೆ ಬಂತು. ಒಂದು ಫೋನಿಗೆ ಮುಗಿಯಿತು. ಬರೆಯದೇ ಇದ್ದರೆ ಮುಂದಿನ ವಾರ ಆಂಬುಲೆನ್ಸಿನಲ್ಲಿ ಹೋಗುತ್ತಿದ್ದೆವೋ ಏನೋ.

ಮಾತ್ರೆಗಳು

ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಮನೆ ಇರುವ ಡಬ್ಬಿ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಭಾನುವಾರ ಇಬ್ಬರೂ ಕೂತು ವಾರದ್ದನ್ನು ತುಂಬಿ. ಯಾವುದು ಯಾತಕ್ಕೆ ಅಂತ ಇಬ್ಬರಿಗೂ ಬಾಯಿಪಾಠ ಇರಲಿ. ನಮ್ಮಲ್ಲಿ ಹೀಗಿದೆ. ಮೆಟೊಪ್ರೊಲಾಲ್ ಬಡಿತವನ್ನು ನಿಧಾನ ಮಾಡಿ ಹೃದಯಕ್ಕೆ ವಿಶ್ರಾಂತಿ ಕೊಡುತ್ತದೆ. ರಾಮಿಪ್ರಿಲ್ ರಕ್ತನಾಳ ಸಡಿಲ ಮಾಡುತ್ತದೆ. ಸ್ಪೈರೊನೊಲ್ಯಾಕ್ಟೋನ್ ಹೃದಯ ಇನ್ನಷ್ಟು ಕೆಡದಂತೆ ತಡೆಯುತ್ತದೆ. ಲ್ಯಾಸಿಕ್ಸ್ ನೀರು ಇಳಿಸುತ್ತದೆ. ಅದನ್ನು ನುಂಗಿದ ಮೇಲೆ ಪದೇ ಪದೇ ಬಾತ್‌ರೂಮಿಗೆ ಹೋಗಬೇಕಾಗುತ್ತದೆ, ಹಾಗಾಗಿ ಊರಿಗೆ ಹೊರಟ ದಿನ ಎಷ್ಟು ಹೊತ್ತಿಗೆ ಕೊಡಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಐದನೆಯದು ಡಾಪಾಗ್ಲಿಫ್ಲೋಜಿನ್. ಮೊಬೈಲಿನಲ್ಲಿ ಹುಡುಕಿದರೆ ಸಕ್ಕರೆ ಕಾಯಿಲೆಯ ಮಾತ್ರೆ ಅಂತ ಬಂತು. ಇವಳಿಗೆ ಸಕ್ಕರೆ ಕಾಯಿಲೆ ಇಲ್ಲ. ಮೆಡಿಕಲ್‌ನವನು ತಪ್ಪು ಕೊಟ್ಟಿದ್ದಾನೆ ಅಂತ ಜಗಳಕ್ಕೆ ಹೋದೆ. ತಪ್ಪು ನನ್ನದೇ. ಸಕ್ಕರೆ ಕಾಯಿಲೆ ಇಲ್ಲದವರ ಹಾರ್ಟ್ ಫೇಲ್ಯೂರಿಗೂ ಅದನ್ನು ಕೊಡುತ್ತಾರೆ. ಅದರಿಂದ ಮೂತ್ರದ ಜಾಗದಲ್ಲಿ ತುರಿಕೆ, ಸೋಂಕು ಆಗಬಹುದು, ಸ್ವಚ್ಛತೆ ನೋಡಿಕೊಳ್ಳಬೇಕು. ಹೆಂಗಸರು ಇದನ್ನು ನಾಚಿಕೆಯಿಂದ ಹೇಳುವುದಿಲ್ಲ. ನೀವೇ ಕೇಳಿ.

ಮೊದಲ ವಾರಗಳಲ್ಲಿ ಸುಸ್ತು, ಎದ್ದು ನಿಂತರೆ ತಲೆ ಗಿರ್ ಅನ್ನುವುದು, ರಾಮಿಪ್ರಿಲ್‌ನಿಂದ ಒಣಕೆಮ್ಮು ಬರಬಹುದು. ಹೇಳಿದರೆ ಡಾಕ್ಟರು ಮಾತ್ರೆ ಬದಲಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ. "ಈಗ ಅರಾಮ್ ಅದಾ" ಅಂತ ಬಿಡುವುದು ಇನ್ನೂ ದೊಡ್ಡ ತಪ್ಪು. ಅರಾಮ್ ಇರುವುದು ಮಾತ್ರೆಯಿಂದಲೇ ಅಲ್ವಾ? ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳು ಮಾಡುವ ಮಾತ್ರೆ ಬಿಟ್ಟರಂತೂ ಸ್ಟೆಂಟೇ ಕಟ್ಟಿಕೊಳ್ಳಬಹುದು.

ಬಹಳ ಮನೆಗಳಲ್ಲಿ ಎಡವುವುದು ನೋವಿನ ಮಾತ್ರೆಯಲ್ಲಿ. ಮೊಣಕಾಲು ನೋವಿಗೆ ಅಂತ ಪರಿಚಯದ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುವುದು ನಮ್ಮಲ್ಲಿ ಮಾಮೂಲು. ಅದು, ಬ್ರೂಫೆನ್, ಆ ಜಾತಿಯ ಮಾತ್ರೆಗಳು ದೇಹದಲ್ಲಿ ನೀರು ನಿಲ್ಲಿಸುತ್ತವೆ, ಕಿಡ್ನಿಗೂ ಪೆಟ್ಟು ಕೊಡುತ್ತವೆ. ನೋವಿದ್ದರೆ ಯಾವುದು ನಡೆಯುತ್ತದೆ ಅಂತ ಡಾಕ್ಟರಿಗೆ ಕೇಳಿ. ಊರ ಕಡೆಯ ಕಷಾಯ, ಚೂರ್ಣ ಏನಾದರೂ ತಗೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.

ಅಡುಗೆ ಮನೆ

ಮದುವೆಯಾಗಿ ಇಪ್ಪತ್ತೆರಡು ವರ್ಷ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ.

ಆರೋಗ್ಯವಂತರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಸುಮಾರು ಒಂದು ಟೀ ಚಮಚ, ಮೂರು ಹೊತ್ತಿನದೂ ಸೇರಿ. ನಮ್ಮ ಕಡೆ ಊಟದಲ್ಲಿ ಅದು ಎಲ್ಲಿ ಅಡಗಿರುತ್ತದೆ ಅಂತ ಹುಡುಕಿದೆ. ಜೋಳದ ರೊಟ್ಟಿ ನಿರ್ದೋಷಿ. ನಮ್ಮ ಮನೆಯಲ್ಲಿ ಹಿಟ್ಟು ನಾದುವಾಗ ಉಪ್ಪು ಹಾಕುವುದೇ ಇಲ್ಲ. ಎರಡು ರೊಟ್ಟಿ ಜಾಸ್ತಿ ತಿಂದರೂ ಉಪ್ಪಿನ ಲೆಕ್ಕ ಏರುವುದಿಲ್ಲ. ಕಳ್ಳರೆಲ್ಲ ರೊಟ್ಟಿಯ ಸುತ್ತ ಕೂತಿರುತ್ತಾರೆ: ಶೇಂಗಾ ಹಿಂಡಿ, ಕೆಂಪು ಖಾರ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪು ಹಾಕಿದ ಮಜ್ಜಿಗೆ. ಸಂಜೆಯ ಮಿರ್ಚಿ ಭಜ್ಜಿ, ಸುಸಲಾ, ಬೇಕರಿಯ ಖಾರಿ. ಬ್ರೆಡ್ಡಿನಲ್ಲೂ ಉಪ್ಪಿದೆ, ಬಿಸ್ಕತ್ತಿನಲ್ಲೂ ಇದೆ. ರೋಗಿಗೆ ಅಂತ ಎಲ್ಲರೂ ತರುವುದು ಅವೆರಡನ್ನೇ.

ನಾನು ಮಾಡಿದ ಉಪಾಯ ಹೀಗೆ. ಅವಳ ಒಂದು ದಿನದ ಉಪ್ಪನ್ನು ಡಾಕ್ಟರು ಹೇಳಿದ ಅಳತೆಯಲ್ಲಿ ಬೆಳಿಗ್ಗೆಯೇ ಒಂದು ಸಣ್ಣ ಡಬ್ಬಿಗೆ ಹಾಕಿಡುತ್ತೇನೆ. ಮನೆಯ ಸಾರು, ಪಲ್ಯ ಎಲ್ಲ ಉಪ್ಪಿಲ್ಲದೆ ಆಗುತ್ತದೆ. ಅವಳು ತನ್ನ ಡಬ್ಬಿಯಿಂದ ತಟ್ಟೆಗೆ ಹಾಕಿಕೊಳ್ಳುತ್ತಾಳೆ, ನಾವು ನಮ್ಮ ಡಬ್ಬಿಯಿಂದ. ಸಂಜೆ ಡಬ್ಬಿ ಖಾಲಿಯಾದರೆ ಅವತ್ತಿನ ಖಾತೆ ಬಂದ್. ಬೆಳಿಗ್ಗೆಯೇ ಖರ್ಚು ಮಾಡಬೇಕಾ, ರಾತ್ರಿಗೆ ಉಳಿಸಬೇಕಾ ಅನ್ನುವುದು ಅವಳ ಇಷ್ಟ. "ಉಪ್ಪು ತಿನ್ಬ್ಯಾಡ" ಅನ್ನುವ ಮಾತು ಅವತ್ತಿನಿಂದ ನಮ್ಮ ಮನೆಯಲ್ಲಿ ನಿಂತುಹೋಯಿತು.

ಮೊದಲ ಹದಿನೈದು ದಿನ ಬಾಯಿಗೆ ರುಚಿಯೇ ಹತ್ತುವುದಿಲ್ಲ. ಆಮೇಲೆ ನಾಲಿಗೆ ಹೊಂದಿಕೊಳ್ಳುತ್ತದೆ. ಹುಳಿ ಬಹಳ ಸಹಾಯ ಮಾಡುತ್ತದೆ. ಪುಂಡಿಪಲ್ಯದ ಹುಳಿಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಉಪ್ಪು ಕಮ್ಮಿಯಾದದ್ದು ಅರ್ಧ ಮರೆಯುತ್ತದೆ. ತೊಗರಿ ಬೇಳೆಗೆ ಲಿಂಬೆ ಹಿಂಡಿ, ಹುರಿದ ಜೀರಿಗೆ ಪುಡಿ ಉದುರಿಸಿ. ಶೇಂಗಾ ಹಿಂಡಿಯನ್ನು ಉಪ್ಪಿಲ್ಲದೆ, ಬೆಳ್ಳುಳ್ಳಿ ಜಾಸ್ತಿ ಹಾಕಿ ಮನೆಯಲ್ಲೇ ಕುಟ್ಟಿ. ರೊಟ್ಟಿ ಬಡಿಯುವುದು ಮಾತ್ರ ನನ್ನಿಂದ ಆಗಲಿಲ್ಲ. ನನ್ನ ರೊಟ್ಟಿ ಹೈದರಾಬಾದ್ ಕರ್ನಾಟಕದ ನಕ್ಷೆ ಥರ ಬರುತ್ತಿತ್ತು. ಈಗ ಓಣಿಯ ರೊಟ್ಟಿ ಕೇಂದ್ರದಿಂದ ತರುತ್ತೇನೆ.

ಅಂಗಡಿಯಲ್ಲಿ 'ಲೋ ಸೋಡಿಯಂ' ಅಂತ ಮಾರುವ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್ ನುಂಗುವವರಿಗೆ ಮೊದಲೇ ಪೊಟ್ಯಾಶಿಯಂ ಏರುವ ಭಯ ಇರುತ್ತದೆ, ಅದು ಏರಿದರೆ ಬಡಿತವೇ ತಪ್ಪಬಹುದು. ಒಳ್ಳೆಯದು ಅಂತ ದಿನಾ ಎಳನೀರು ಕುಡಿಸುವುದೂ ಅದೇ ಸಾಲಿಗೆ ಬರುತ್ತದೆ. ಎರಡನ್ನೂ ಕೇಳದೆ ಕೊಡಬೇಡಿ.

ನೀರು, ಮತ್ತು ನಮ್ಮ ಬ್ಯಾಸಗಿ

ಎಲ್ಲರಿಗೂ ನೀರು ಕಡಿಮೆ ಮಾಡಲು ಹೇಳುವುದಿಲ್ಲ. ಹೇಳಿದ್ದರೆ ಅಳತೆ ಬೇಕು. ನಮಗೆ ದಿನಕ್ಕೆ ಒಂದೂವರೆ ಲೀಟರ್ ಅಂದಿದ್ದರು. ಬೆಳಿಗ್ಗೆ ಬಾಟಲಿ ತುಂಬಿ ಇಡುತ್ತೇವೆ. ಚಹಾ, ಮಜ್ಜಿಗೆ, ಸಾರು ಕುಡಿದರೆ ಅಷ್ಟನ್ನು ಬಾಟಲಿಯಿಂದ ಚೆಲ್ಲುತ್ತೇವೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ 42 ಡಿಗ್ರಿ ದಾಟಿದಾಗ ಈ ಲೆಕ್ಕ ಬದಲಾಗುತ್ತದೆ. ಬೆವರಿನಲ್ಲಿ ನೀರು ಹೋಗುತ್ತದೆ, ಮಾತ್ರೆಯೂ ನೀರು ತೆಗೆಯುತ್ತದೆ, ಬಿಪಿ ಇಳಿದು ತಲೆ ತಿರುಗಿ ಬೀಳಬಹುದು. ಬ್ಯಾಸಗಿ ಶುರುವಾಗುವ ಮೊದಲೇ ಡಾಕ್ಟರನ್ನು ಕಂಡು ನೀರು, ಮಾತ್ರೆ ಎರಡರ ಅಳತೆಯನ್ನೂ ಕೇಳಿಕೊಳ್ಳಿ. ವಾಂತಿ, ಭೇದಿ ಆದ ದಿನ ನೀರಿಳಿಸುವ ಮಾತ್ರೆ ಕೊಡಬೇಕಾ ಬೇಡವಾ ಅಂತ ಫೋನ್ ಮಾಡಿ ಕೇಳಿದ ಮೇಲೆಯೇ ಕೊಡಿ. ಬಾಯಿ ಒಣಗಿದರೆ ಒಂದು ಲಿಂಬೆ ಹೋಳು ಚೀಪಿದರೂ ಸಮಾಧಾನ ಆಗುತ್ತದೆ.

ಕೆಲಸ ಯಾವುದು ಕಸಿದುಕೊಳ್ಳಬೇಕು, ಯಾವುದು ಬಿಡಬೇಕು

ಮೊದಲ ತಿಂಗಳು ನಾನು ದಿನಕ್ಕೆ ಐವತ್ತು ಸಲ "ಏಳಬ್ಯಾಡ, ಕೂಡು" ಅಂದಿರಬೇಕು. ಒಂದು ದಿನ ಅವಳು ಕಸಬರಿಗೆ ನೆಲಕ್ಕೆ ಒಗೆದಳು. "ನಾ ಇನ್ನಾ ಸತ್ತಿಲ್ಲರಿ. ಮೂಲ್ಯಾಗ ಕೂಡಿಸಿ ಪೂಜಿ ಮಾಡ್ಲಾಕ ನಾ ಏನ್ ದೇವರಾ?" ಮಗಳು ಓದುವುದು ಬಿಟ್ಟು ಹೊರಗೆ ಬಂದು ನಿಂತಳು. ನಾನು ಮಿಲ್ಲಿಗೆ ಹೊತ್ತಾಯಿತು ಅಂತ ಜಾರಿಕೊಂಡೆ. ಅವತ್ತು ಭಾನುವಾರ.

ಆಮೇಲೆ ಇಬ್ಬರೂ ಕೂತು ಪಟ್ಟಿ ಮಾಡಿದೆವು. ನಳ ಬಂದಾಗ ಕೊಡ ಎತ್ತುವುದು, ಗ್ಯಾಸ್ ಸಿಲಿಂಡರ್ ಜರುಗಿಸುವುದು, ಬಟ್ಟೆ ಹಿಂಡುವುದು, ಬಾಗಿ ನೆಲ ಒರೆಸುವುದು ನನಗೆ ಮತ್ತು ಮಗನಿಗೆ ಬಂತು. ಪಲ್ಯ ಹೆಚ್ಚುವುದು, ಒಗ್ಗರಣೆ, ದೇವರ ಪೂಜೆ, ಹಾಲಿನವನ ಲೆಕ್ಕ, ಯಾರ ಮದುವೆಗೆ ಎಷ್ಟು ಮುಯ್ಯಿ ಅನ್ನುವ ತೀರ್ಮಾನ ಅವಳದೇ. ಆ ಕೊನೆಯದನ್ನು ಕಸಿದುಕೊಂಡರೆ ಮನೆಯಲ್ಲಿ ಅವಳ ಜಾಗವೇ ಹೋದ ಹಾಗೆ.

ನಡೆಯುವುದು ಬೇಕೇ ಬೇಕು, ಡಾಕ್ಟರು ಒಪ್ಪಿದ ಮೇಲೆ. ನಾವು ಅಪ್ಪನ ಕೆರೆಯ ಹತ್ತಿರ ಹತ್ತು ನಿಮಿಷದಿಂದ ಶುರು ಮಾಡಿದೆವು, ವಾರಕ್ಕೆ ಎರಡೆರಡು ನಿಮಿಷ ಏರಿಸಿದೆವು. ನಡೆಯುತ್ತ ಮಾತಾಡಲು ಆಗಬೇಕು. ಮಾತು ತುಂಡಾದರೆ ವೇಗ ಜಾಸ್ತಿಯಾಯಿತು ಅಂತ. ಇವಳ ಮಾತು ತುಂಡಾಗುವುದೇ ಕಷ್ಟ, ಹಾಗಾಗಿ ನಮಗೆ ಒಳ್ಳೆ ಮೀಟರ್ ಸಿಕ್ಕಿತು.

ನೋಡಲು ಬರುವವರ ಬಗ್ಗೆ ಎರಡು ಮಾತು. ಬರುವವರೆಲ್ಲ ಪ್ರೀತಿಯಿಂದಲೇ ಬರುತ್ತಾರೆ. ಆದರೆ ಕೂತ ಐದು ನಿಮಿಷಕ್ಕೆ, "ನಮ್ಮ ಕಾಕುಗ ಹಿಂಗೇ ಆಗಿತ್ತು, ಮೂರೇ ತಿಂಗಳಾಗ ಹೋದ್ರು" ಅನ್ನುತ್ತಾರೆ. ನಮ್ಮ ವೈನಿಗೆ ಬಾಗಿಲ ಕೆಲಸ ಕೊಟ್ಟೆ. ಆಕೆ ಹತ್ತು ನಿಮಿಷಕ್ಕೆ ಚಹಾ ತಂದು, "ಆಕಿ ಮಲ್ಕೋಬೇಕು" ಅಂತ ಎಲ್ಲರನ್ನೂ ಎಬ್ಬಿಸುತ್ತಿದ್ದಳು. ನನ್ನಿಂದ ಆಗದ ಕೆಲಸ. ಮಕ್ಕಳಿಗೆ ಮಾತ್ರ ನಿಜ ಹೇಳಿ. ಅವರು ಹೇಗೂ ಮೊಬೈಲಿನಲ್ಲಿ ಹುಡುಕಿರುತ್ತಾರೆ.

ಯಾರೂ ಕೇಳದ ಪ್ರಶ್ನೆ

ಗಂಡ ಹೆಂಡಿರ ಮಲಗುವ ಸಂಬಂಧ. ಇಬ್ಬರಿಗೂ ಭಯ, ಇಬ್ಬರೂ ಬಾಯಿ ಬಿಡುವುದಿಲ್ಲ, ಮಂಚದ ನಡುವೆ ಒಂದು ಗೋಡೆ ಏಳುತ್ತದೆ. ಎರಡು ಅಂತಸ್ತು ಮೆಟ್ಟಿಲನ್ನು ದಮ್ಮು, ಎದೆನೋವು ಇಲ್ಲದೆ ಹತ್ತಲು ಆದರೆ ಸಾಮಾನ್ಯವಾಗಿ ತೊಂದರೆ ಇಲ್ಲ ಅನ್ನುತ್ತಾರೆ. ನಿಮ್ಮ ವಿಷಯದಲ್ಲಿ ಹೇಗೆ ಅಂತ ಡಾಕ್ಟರಿಗೆ ನೇರ ಕೇಳಿ, ಅವರಿಗೆ ಇದು ಹೊಸದಲ್ಲ. ಕಾಯಿಲೆ ಇರುವುದು ಗಂಡನಿಗಾಗಿದ್ದು, ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಥರದ ಮಾತ್ರೆ ಕೊಟ್ಟಿದ್ದರೆ ವಯಾಗ್ರ ಜಾತಿಯದನ್ನು ಮುಟ್ಟಲೇಬಾರದು, ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಹೆಂಡತಿಗೆ ಕಾಯಿಲೆ ಇದ್ದು ಇನ್ನೂ ಹೆರುವ ವಯಸ್ಸಿದ್ದರೆ ಬಸಿರು ತಡೆಯುವ ಬಗ್ಗೆ ಮೊದಲ ಭೇಟಿಯಲ್ಲೇ ಕೇಳಿ. ಸೋತ ಹೃದಯಕ್ಕೆ ಬಸಿರು ಭಾರಿ ಅಪಾಯ. ರಾಮಿಪ್ರಿಲ್‌ನಂಥ ಮಾತ್ರೆ ಹೊಟ್ಟೆಯ ಕೂಸಿಗೂ ಒಳ್ಳೆಯದಲ್ಲ.

ಎಮರ್ಜೆನ್ಸಿ

ಇದನ್ನು ಬರೆದು ಗೋಡೆಗೆ ಅಂಟಿಸಿ. ಎದೆ ಬಿಗಿದು ನೋವು ಬಂದರೆ, ಕೂತಲ್ಲೇ ದಮ್ಮು ಹತ್ತಿದರೆ, ಗುಲಾಬಿ ಬಣ್ಣದ ನೊರೆ ಕಫ ಬಂದರೆ, ಎಚ್ಚರ ತಪ್ಪಿ ಬಿದ್ದರೆ 108. ಹೆಂಗಸರಿಗೆ ಎದೆನೋವೇ ಬರಬೇಕು ಅಂತಿಲ್ಲ. ದವಡೆ, ಬೆನ್ನು ನೋವು, ವಾಂತಿ, ತಣ್ಣನೆ ಬೆವರು, ಕಾರಣವಿಲ್ಲದ ಸುಸ್ತು, ಇಷ್ಟೇ ಇರಬಹುದು. ಈನೋ ಕುಡಿಸಿ ಒಂದು ತಾಸು ಕಾಯುವುದು ಬೇಡ.

ಹಳ್ಳಿಯಲ್ಲಿದ್ದವರು ಮಾಡುವ ಒಂದು ತಪ್ಪು, ತಾಲ್ಲೂಕು ಆಸ್ಪತ್ರೆ ದಾಟಿ ಸೀದಾ ಕಲಬುರಗಿಗೆ ಗಾಡಿ ಬಿಡುವುದು. ರಕ್ತನಾಳ ಕಟ್ಟಿಕೊಂಡ ಹಾರ್ಟ್ ಅಟ್ಯಾಕಿನಲ್ಲಿ ನಿಮಿಷ ನಿಮಿಷಕ್ಕೂ ಮಾಂಸಖಂಡ ಸಾಯುತ್ತಿರುತ್ತದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರಿಗೆ ಕಳಿಸಿ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಆಳಂದ, ಚಿಂಚೋಳಿ, ಶಹಾಪುರ, ಔರಾದ್, ನಿಮ್ಮ ತಾಲ್ಲೂಕು ಯಾವುದೇ ಇರಲಿ, ನಿಮ್ಮ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯಾ ಅಂತ ಅರಾಮ್ ಇರುವಾಗಲೇ ಹೋಗಿ ವಿಚಾರಿಸಿ ಬನ್ನಿ.

ಬಿದ್ದವರು ಕೂಗಿದರೂ ಏಳದೆ, ಉಸಿರೂ ಇಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ಜೋರಾಗಿ ಒತ್ತಬೇಕು. ಎರಡು ಇಂಚು ಆಳ, ನಿಮಿಷಕ್ಕೆ 100ರಿಂದ 120 ಸಲ, ಆಂಬುಲೆನ್ಸ್ ಬರುವ ತನಕ. ನಾನು, ಮಗ, ಮಗಳು ಮೂವರೂ ಕಲಿತೆವು. ಮನೆಯಲ್ಲಿ ಅಭ್ಯಾಸಕ್ಕೆ ಬಲಿಯಾದದ್ದು ಆ ಮೂರನೇ ದಿಂಬು.

ನಿಮ್ಮ ಲೆಕ್ಕ

ಎರಡನೇ ತಿಂಗಳಲ್ಲಿ ಅವಳ ಬಿಪಿ ನೋಡಿದ ಮೇಲೆ ಸುಮ್ನೆ ನನ್ನ ಕೈಗೂ ಪಟ್ಟಿ ಸುತ್ತಿದೆ. 160/100. ನನ್ನ ಬಿಪಿ ಮಾತ್ರೆ ತಂದು ಎಷ್ಟು ದಿನವಾಗಿತ್ತು ಅನ್ನುವುದೇ ನೆನಪಿರಲಿಲ್ಲ. ರಾತ್ರಿ ಅವಳ ಉಸಿರು ಕೇಳುತ್ತ ಎಚ್ಚರ ಇರುತ್ತಿದ್ದೆ, ಹಗಲು ಮಿಲ್ಲಿನಲ್ಲಿ ಒಂದು ಸೊನ್ನೆ ಜಾಸ್ತಿ ಬರೆದು ಸಾಹುಕಾರರಿಂದ ಬೈಸಿಕೊಂಡೆ. ವಾರಕ್ಕೆ ಎರಡು ರಾತ್ರಿ ಮಗನನ್ನು ಆ ಕೋಣೆಯಲ್ಲಿ ಮಲಗಿಸಿ ನಾನು ಮಾಳಿಗೆ ಮೇಲೆ ಮಲಗಲು ಶುರು ಮಾಡಿದ ಮೇಲೆ ಸ್ವಲ್ಪ ಮನುಷ್ಯನಾದೆ. ಮನಸ್ಸು ತೀರಾ ಕುಗ್ಗಿದರೆ 14416ಕ್ಕೆ ಫೋನ್ ಮಾಡಬಹುದು. ಅದು ಸರಕಾರದ ಟೆಲಿ ಮಾನಸ್, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಕಾಯಿಲೆ ಇದ್ದವರೂ ಮಾಡಬಹುದು. ಹೃದಯದ ಕಾಯಿಲೆಯ ಹಿಂದೆಯೇ ಖಿನ್ನತೆ ಬರುವುದು ಅಪರೂಪವಲ್ಲ. ಊಟ ಸೇರದಿರುವುದು, ಟಿವಿ ನೋಡುತ್ತಲೇ ಕಣ್ಣು ಒರೆಸಿಕೊಳ್ಳುವುದು ಕಂಡರೆ ಡಾಕ್ಟರಿಗೆ ಅದನ್ನೂ ಹೇಳಿ.

ಮೂರು ತಿಂಗಳಿಗೆ ಮತ್ತೆ ಎಕೋ ಮಾಡಿಸಿದೆವು. ಇಎಫ್ 34. ಡಾಕ್ಟರು ಒಂದು ಮಾತ್ರೆಯ ಡೋಸು ಏರಿಸಿ, ಇದೇ ಥರ ನಡೆಸಿ ಅಂದರು. ಬರುವಾಗ ಸೂಪರ್ ಮಾರ್ಕೆಟ್ಟಿನಲ್ಲಿ ಅದೇ ಸೊಪ್ಪಿನವಳ ಹತ್ತಿರ ಗಾಡಿ ನಿಲ್ಲಿಸಲು ಹೇಳಿದಳು. ಈ ಸಲ ಚೌಕಾಸಿ ಮಾಡಿದವನು ನಾನು. ಐದು ರೂಪಾಯಿ ಬಿಡಿಸಲು ಆಗಲಿಲ್ಲ.

ಮರುದಿನ ನನಗೆ ಏಳುವುದು ತಡವಾಯಿತು. ಪುಸ್ತಕ ತೆಗೆದರೆ ಅವಳೇ ತೂಕ ನೋಡಿ ಬರೆದಿಟ್ಟಿದ್ದಳು. 57.4. ಬಾವು ಇಲ್ಲ. ದಿಂಬು ಒಂದು. ಬೇರೆ ಏನಾದರೂ ಅನ್ನುವ ಮನೆಯಲ್ಲಿ: "ನಿನ್ನೆ ನೀವು ಮಾಡಿದ ಪುಂಡಿಪಲ್ಯ ಸುಡುಗಾಡು ಇತ್ತು."